ಭರತಿ ಕಂಬದ ಪಾಲುದಾರರು

ನನ್ನ ಮಗಳು ಮಾನಸಾ ತೀರಿಕೊಂಡ ವರ್ಷ, ದೀಪಾವಳಿ ಕಳೆದ ಮೇಲೆ, ಸದಾಶಿವಗಡದಿಂದ ರಾಜೀವ ನಮ್ಮ ಮನೆಗೆ ಬಂದ. ಕಾರವಾರದ ಕಾಲೇಜಿನಲ್ಲಿ ಅವಳ ಜೊತೆ ಪಾಠ ಹೇಳುತ್ತಿದ್ದವನು ಅವನು. ಅವಳದು ಗಣಿತ, ಅವನದು ಭೌತಶಾಸ್ತ್ರ. ನಾನು ಅಂಕೋಲೆಯ ಹೈಸ್ಕೂಲಿನಲ್ಲಿ ಕನ್ನಡ ಕಲಿಸಿ ನಿವೃತ್ತನಾದವನು. ಮಾನಸಾ ನಮ್ಮಲ್ಲಿಂದಲೇ ದಿನವೂ ಬಸ್ಸಿನಲ್ಲಿ ಕಾರವಾರಕ್ಕೆ ಹೋಗಿ ಬರುತ್ತಿದ್ದಳು. ಆ ಮಳೆಗಾಲದಲ್ಲಿ ಇಲಿಜ್ವರ ಬಂದು ವಾರದೊಳಗೆ ಹೋಗಿಬಿಟ್ಟಳು. ದೇವರು ಕೊಟ್ಟಿದ್ದ, ದೇವರೇ ಕರೆದುಕೊಂಡ ಎಂದು ಬಂದವರೆಲ್ಲ ಹೇಳಿದರು. ನಾನೂ ಹೇಳಿದೆ. ಹೇಳಿದ್ದು ಸುಳ್ಳಲ್ಲ. ಆದರೆ ಅದರಿಂದ ಮನೆ ತುಂಬಲಿಲ್ಲ.

ರಾಜೀವ ಚಹಾ ಕುಡಿದು ಲೋಟ ಕೆಳಗಿಟ್ಟು, "ಮಾಸ್ತರೆ, ಅವಳ ಹಾರವಾಡದ ಕೆಲಸ ಮುಗೀತು. ಉಳಿದದ್ದನ್ನ ನಾನು ಕಳಿಸಿದೆ" ಎಂದ.

ಆ ಕೆಲಸ ನನಗೆ ಗೊತ್ತಿತ್ತು. ಸಮುದ್ರದ ನೀರು ಯಾವ ಹೊತ್ತಿಗೆ ಏರುತ್ತದೆ, ಯಾವ ಹೊತ್ತಿಗೆ ಇಳಿಯುತ್ತದೆ ಎಂದು ಮುಂದಾಗಿ ಹೇಳುವ ಒಂದು ಕಂಪ್ಯೂಟರ್ ಪ್ರೋಗ್ರಾಂ ಇದೆ. ಹೊರದೇಶದ ಒಬ್ಬ ಗೃಹಸ್ಥ ಅದನ್ನು ಬರೆದು, ಬೇಕಾದವರು ಬಳಸಲಿ ಎಂದು ಬಿಟ್ಟಿದ್ದಾನೆ. ಅದಕ್ಕೆ ಬೆಲೆಯಿಲ್ಲ. ಬೇರೆ ಬೇರೆ ದಂಡೆಗಳ ಜನ ತಮ್ಮ ನೀರನ್ನು ತಾವೇ ಅಳೆದು ಅವನಿಗೆ ಕಳಿಸುತ್ತಾರೆ. ಅವರಿಗೂ ಸಂಬಳವಿಲ್ಲ. ಅದರಲ್ಲಿ ಕಾರವಾರದ ಭರತಿಯ, ಎಂದರೆ ನೀರು ಏರಿ ತುಂಬುವ, ಹೊತ್ತು ಸಿಗುತ್ತಿತ್ತು. ಆದರೆ ಹಾರವಾಡದಲ್ಲಿ ಹೊಳೆ ಕಡಲು ಸೇರುವ ಅಳಿವೆಯಲ್ಲಿ ಮರಳಿನ ದಿಬ್ಬವಿದೆ. ಅಲ್ಲಿ ನೀರು ತನ್ನದೇ ಹೊತ್ತಿಗೆ ಬರುತ್ತದೆ. ಕಾರವಾರದ ಹೊತ್ತನ್ನು ನಂಬಿ ಬಂದ ದೋಣಿಯೊಂದು ದಿಬ್ಬಕ್ಕೆ ಕೂತದ್ದನ್ನು ಮಾನಸಾ ನೋಡಿದ್ದಳು. ಒಬ್ಬ ವಿದ್ಯಾರ್ಥಿನಿಯ ಮದುವೆಗೆಂದು ಅಲ್ಲಿಗೆ ಹೋಗಿದ್ದಾಗ ಕಂಡದ್ದು. ಮದುವೆ ಊಟ ಬಿಟ್ಟು ಅದನ್ನೇ ನೋಡುತ್ತ ನಿಂತೆ ಎಂದು ಮನೆಗೆ ಬಂದು ಹೇಳಿದಳು.

ಅದಾದ ಮೇಲೆ ಹಾರವಾಡದಲ್ಲಿ ಒಂದು ಕಂಬ ನಿಂತಿತು. ಹಳೆಯ ದೋಣಿಯೊಂದರಲ್ಲಿ ಹಾಯಿ ಕಟ್ಟುತ್ತಿದ್ದ ಪಟದ ಮರ. ಅದನ್ನು ಬೊಮ್ಮಯ್ಯ ದೇವರ ಗುಡಿಯ ಮುಂದಿನ ಬಂಡೆಯ ಬಿರುಕಿನಲ್ಲಿ ನಿಲ್ಲಿಸಿ, ಮೇಲಿನಿಂದ ಕೆಳಗಿನವರೆಗೆ ಬೇರೆ ಬೇರೆ ಬಣ್ಣದ ಪಟ್ಟೆ ಬಳಿದರು. ಮೀನಿನ ಬುಟ್ಟಿ ತೊಳೆಯಲು ಬಂದ ಹೆಂಗಸರು ನೀರು ಯಾವ ಪಟ್ಟೆಗೆ ಬಂದಿದೆ ಎಂದು ಕೂಗಿ ಹೇಳುವರು. ದಂಡೆಯ ಮೇಲೆ ಐಸಿನ ಅಂಗಡಿ ಇಟ್ಟ ಕಾಶಿ ತನ್ನ ಗೋಡೆಯ ಗಡಿಯಾರ ನೋಡಿ ಹಲಗೆಯ ಮೇಲೆ ಸುಣ್ಣದ ಕಡ್ಡಿಯಲ್ಲಿ ಬರೆದಿಡುವನು. ಶನಿವಾರ ಮಾನಸಾ ಹೋಗಿ ಅದನ್ನು ಪುಸ್ತಕಕ್ಕೆ ಇಳಿಸಿಕೊಂಡು ಬರುವಳು. ಹೀಗೆ ವರ್ಷದ ಮೇಲೆ ನಡೆಯಿತು. ಅವಳು ಹೋದ ಮೇಲೂ ಹಲಗೆಯ ಬರಹ ನಿಂತಿರಲಿಲ್ಲ. ರಾಜೀವ ಹೋಗಿ ತರುತ್ತಿದ್ದ.

"ಮುಂದಿನ ಸಲ ಪ್ರೋಗ್ರಾಂ ಹೊಸದಾಗಿ ಬರುವಾಗ ಅದರಲ್ಲಿ ಹಾರವಾಡ ಇರ್ತದೆ ಅಂತ ಬರೆದಿದ್ದಾನೆ" ಎಂದ ರಾಜೀವ. "ಸಹಾಯ ಮಾಡಿದವರ ಹೆಸರು ಎಲ್ಲಾ ಕಳಿಸಿ ಅಂದಿದ್ದಾನೆ. ಈ ಕೆಲಸದಲ್ಲಿ ಹೆಸರು ಬಿಟ್ಟರೆ ಯಾರಿಗೂ ಬೇರೆ ಏನೂ ಸಿಗೂದಿಲ್ಲ, ಹಂಗಾಗಿ ಒಂದನ್ನೂ ಬಿಡಬಾರದು ಅಂತ. ಹಾರವಾಡದವರ ಹೆಸರು ನೀವೇ ತಂದರೆ ಒಳ್ಳೇದು. ನಾ ಇಷ್ಟು ಸಲ ಹೋದರೂ ಇನ್ನೂ ಐಸು ಎಷ್ಟು ಬೇಕು ಅಂತಲೇ ಕೇಳ್ತಾರೆ."

"ಮೊದಲ ಹೆಸರು ಅವಳದೇ ತಾನೆ?"

"ಅದನ್ನ ಕೇಳಬೇಕಾ ಮಾಸ್ತರೆ?"

ನನಗೆ ಏನು ಬೇಕಾಗಿತ್ತು ಎಂಬುದನ್ನು ನೇರವಾಗಿ ಹೇಳುತ್ತೇನೆ. ರೇಷನ್ ಕಾರ್ಡಿನಲ್ಲಿ ಅವಳ ಹೆಸರು ಹೊಡೆದುಹಾಕಿಯಾಗಿತ್ತು. ಕಾಲೇಜಿನ ಬಾಗಿಲಿನ ಹಲಗೆಯಲ್ಲಿ ಬೇರೆಯವರ ಹೆಸರು ಬಂದಿತ್ತು. ಮನೆಯಲ್ಲಿ ಆ ಹೆಸರನ್ನು ಕರೆಯುವ ಪ್ರಸಂಗವೇ ಇರಲಿಲ್ಲ. ಎಲ್ಲೋ ಒಂದು ಕಡೆ, ಯಾರಾದರೂ ತೆರೆದು ನೋಡುವ ಕಡೆ, ಅದು ಉಳಿಯಲಿ ಎಂದು ಮನಸ್ಸಾಯಿತು. ವೈರಾಗ್ಯದ ಮಾತು ಎಷ್ಟು ಓದಿದರೂ ಈ ಆಸೆ ಹೋಗಲಿಲ್ಲ.

ಮರುದಿನ ಪೂಜೆ ಮುಗಿಸಿ ಹಾರವಾಡದ ಬಸ್ಸು ಹಿಡಿದೆ.

ಮಾದೇವಿ ಅಂಕೋಲೆ ಪೇಟೆಗೆ ಮೀನು ತರುವವಳು. ನನ್ನ ಹೆಂಡತಿಗೆ ಹಳೆಯ ಪರಿಚಯ. ಕಂಬದ ಕೆಲಸಕ್ಕೆ ದಂಡೆಯಲ್ಲಿ ಅವಳೇ ಯಜಮಾನಿತಿ ಇದ್ದ ಹಾಗೆ. ನಾನು ಹೋದಾಗ ದೋಣಿ ಎಳೆದಿಡುವ ಚಪ್ಪರದ ಕೆಳಗೆ ಕೂತಿದ್ದಳು. ಕಾಶಿ, ಅವನ ಹೆಂಡತಿ ಹೀರಾ, ಕಂಬ ಹುಗಿದ ದತ್ತಾ ಅಲ್ಲೇ ಇದ್ದರು. ಬೊಮ್ಮು ಎಂಬವನು ಒಂದು ಮೂಲೆಯಲ್ಲಿ ಬಲೆ ಹೊಲಿಯುತ್ತಿದ್ದ. ನಾನು ಬಂದ ಕಾರಣ ಹೇಳಿದೆ. ಮಾದೇವಿ ಸೆರಗು ಸರಿಮಾಡಿಕೊಂಡಳು.

"ಬರ್ಕಣಿ ಮಾಸ್ತರೆ. ಮೊದ್ಲು ದೇವ್ರ ಪಾಲು. ಬೊಮ್ಮಯ್ಯ ದೇವ್ರು."

"ದೇವರ ಹೆಸರನ್ನೂ ಬರೆಯುವುದೆ?"

"ಮತ್ತೆ? ದೇವ್ರ ಪಾಲು ತೆಗೀದೆ ಯಾರ್ ಪಾಲು ತೆಗೀತರೆ?"

ಇದು ರಾಂಪಣಿ ಬಲೆಯ ಕ್ರಮ. ಊರಿಗೆ ಊರೇ ಸೇರಿ ಒಂದು ದೊಡ್ಡ ಬಲೆಯನ್ನು ದಂಡೆಗೆ ಎಳೆಯುವುದು ರಾಂಪಣಿ. ಬಿದ್ದ ಮೀನಿನಲ್ಲಿ ಮೊದಲ ಪಾಲು ದೇವರಿಗೆ, ಎರಡನೆಯದು ಬಲೆಗೆ, ಎಂದರೆ ಬಲೆ ಯಾರದೋ ಆ ಮನೆಗೆ. ಆಮೇಲೆ ಹಗ್ಗ ಮುಟ್ಟಿದ ಪ್ರತಿಯೊಬ್ಬರಿಗೂ. ನೆಂಟರ ಮನೆಗೆ ಬಂದವನು ಸುಮ್ಮನೆ ಒಂದು ಕೈ ಹಚ್ಚಿದರೂ ಅವನಿಗೆ ಪಾಲುಂಟು. ಯಂತ್ರದ ದೋಣಿಗಳು ಬಂದ ಮೇಲೆ ರಾಂಪಣಿ ಅಪರೂಪವಾಯಿತು. ಪಾಲಿನ ಕ್ರಮ ಮಾತ್ರ ಜನರ ಬಾಯಲ್ಲಿ ಹಾಗೆಯೇ ಇದೆ.

"ಎರಡ್ನೇದು ಕಂಬದ ಪಾಲು. ಅದು ನಂದು. ಮರ ನಮ್ಮನೇದು" ಎಂದಳು ಮಾದೇವಿ. "ಮತ್ತೆ ಕಾಶಿ. ಹೀರಾ. ದತ್ತಾ. ಬೊಮ್ಮು."

ಕಾಶಿ ತಲೆ ಎತ್ತಿದ. "ಬೊಮ್ಮು ಎಂತ ಮಾಡ್ದ? ಹೋಳಿ ದಿನ ಕುಡ್ಕಂಡು ಬಂದು ಕಂಬಕ್ಕೆ ಒರಗಿ ಮಲಗಿದ್ದ."

"ಮುಟ್ಟಿದ್ನೋ ಇಲ್ವೋ?" ಎಂದಳು ಮಾದೇವಿ.

"ಮುಟ್ಟೂದೆಂತ, ತಬ್ಬಿಕಂಡಿದ್ದ."

"ಹಂಗಾರೆ ಪಾಲು ಅದೆ."

ಬೊಮ್ಮು ಬಲೆಯಿಂದ ಕಣ್ಣು ತೆಗೆಯದೆ, "ನಾ ತಬ್ಬದೇ ಇದ್ರೆ ಆವತ್ತಿನ ಗಾಳಿಗೆ ಕಂಬ ಗೋವೆಗೆ ಹೋಗ್ತಿತ್ತು. ಆಮೇಲೆ ಅಲ್ಲೇ ಹೋಗಿ ನೀರು ಅಳೀರಿ" ಎಂದ.

ನಾನು ಎಲ್ಲವನ್ನೂ ಬರೆದುಕೊಂಡೆ. ಇನ್ನು ಅವಳ ಹೆಸರು ಬರುತ್ತದೆ ಎಂದು ಕಾದೆ.

"ಕಡೆಗೆ ನಿಮ್ದು. ರಾಮನಾಥ ಮಾಸ್ತರು ಅಂತ ಬರೀರಿ" ಎಂದಳು ಮಾದೇವಿ.

"ನನ್ನದು ಯಾಕೆ? ನಾನು ಕಂಬ ಮುಟ್ಟಿದವನಲ್ಲ."

"ಟೀಚರ ಪಾಲು ನಿಮ್ಗೇ ಅಲ್ವ ಬರೂದು."

"ಅವಳ ಹೆಸರನ್ನೇ ಬರೆಯೋಣ ಮಾದೇವಿ."

ಬೊಮ್ಮು ಬಲೆಯಿಂದ ತಲೆ ಎತ್ತಿ ನನ್ನನ್ನು ನೋಡಿದ. ಮಾದೇವಿ ಮೆಲ್ಲಗೆ ಹೇಳಿದಳು: "ಹೋದವ್ರ ಹೆಸರ್ನಾಗೆ ಪಾಲು ತೆಗಿಯೂದಿಲ್ಲ ಮಾಸ್ತರೆ. ತೆಗದ್ರೆ ಅವ್ರು ದಂಡೆ ಬಿಟ್ಟು ಹೋಗೂದಿಲ್ಲ. ಪಾಲು ಎಲ್ಲಿ, ಪಾಲು ಎಲ್ಲಿ ಅಂತ ಕಾಯ್ತ ಕೂತ್ಕಂತರೆ. ನಿಮ್ಮ ಮಗಳು ಹಂಗೆ ಕೂರೂದು ಬೇಡ."

ಬಸ್ಸಿನವರೆಗೆ ಕಳಿಸಲು ಬಂದ ಕಾಶಿ ದಾರಿಯಲ್ಲಿ ವಿಷಯ ತಿಳಿಸಿದ. ಮಾದೇವಿಯ ಗಂಡ ತುಳಸಿದಾಸ ಕಡಲಿಗೆ ಹೋದವನು ಮರಳಿ ಬರಲಿಲ್ಲ. ದೋಣಿ ಮಾತ್ರ ದಂಡೆಗೆ ಬಂತು. ಅದರ ಪಟದ ಮರವೇ ಈ ಕಂಬ. ಗಂಡ ತೀರಿದ ವರ್ಷದಿಂದ ಅವನ ಪಾಲು ಮಾದೇವಿಯ ಹೆಸರಿಗೆ ಬಂತು. ಆಮೇಲೆ ತುಳಸಿದಾಸನ ಹೆಸರನ್ನು ಯಾವ ಪಾಲಿನಲ್ಲೂ ಯಾರೂ ಎತ್ತಲಿಲ್ಲ.

ಕಾಗದದಲ್ಲಿ ಕಡೆಯ ಹೆಸರು ನನ್ನದೇ ಇತ್ತು. ನಾನೇ ನನ್ನ ಕೈಯಿಂದ ಬರೆದದ್ದು.

ಮನೆಯಲ್ಲಿ ನನ್ನ ಹೆಂಡತಿ ಅದನ್ನು ಓದಿಸಿ ಕೇಳಿದಳು. ಕೇಳಿ, "ಮಗಳ ಪಾಲನ್ನ ಅಪ್ಪ ತಕಂಬೂದು ಯಾವ ಶಾಸ್ತ್ರದಾಗದೆ?" ಎಂದಳು. ನನ್ನ ಉತ್ತರಕ್ಕೆ ಕಾಯದೆ ದೀಪ ಹಚ್ಚಲು ಒಳಗೆ ಹೋದಳು. ತಂದೆಯ ಪಾಲು ಮಕ್ಕಳಿಗೆ ಬರುವುದನ್ನು ಕಂಡಿದ್ದೇನೆ. ತಿರುಗಿ ಹರಿಯುವ ಪಾಲಿಗೆ ಏನು ಹೇಳುತ್ತಾರೋ ನಾನರಿಯೆ.

ದೇವರ ಮುಂದೆ ಕುಳಿತಾಗ ಇನ್ನೊಂದು ಹೆದರಿಕೆ ಬಂತು. ಮಾದೇವಿ ಹೇಳಿದ್ದು ನಿಜವಾಗಿದ್ದರೆ? ಹೋದ ಜೀವಕ್ಕೆ ದಾರಿ ಬಿಡಬೇಕು, ಹಿಂದಿನಿಂದ ಕರೆಯಬಾರದು ಎಂದು ಅವಳ ಕರ್ಮ ಮಾಡಿಸಿದ ಭಟ್ಟರೂ ಹೇಳಿದ್ದರು. ಮಗಳ ಹೆಸರು ಉಳಿಯಲಿ ಎಂಬ ನನ್ನ ಆಸೆ ಅವಳನ್ನು ಹಾರವಾಡದ ದಂಡೆಗೆ ಕಟ್ಟಿಹಾಕುವ ಹಗ್ಗವಾದರೆ ನಾನು ಯಾವ ತಂದೆ?

ಮೂರ್ನಾಲ್ಕು ದಿನ ಬಿಟ್ಟು ಕಾಳಿ ಸೇತುವೆ ದಾಟಿ ಸದಾಶಿವಗಡಕ್ಕೆ ಹೋದೆ. ರಾಜೀವನ ಕಂಪ್ಯೂಟರ್ ಅವನ ತಂದೆಯ ಕಿರಾಣಿ ಅಂಗಡಿಯ ಹಿಂದಿನ ಕೋಣೆಯಲ್ಲಿತ್ತು. ಮೆಣಸಿನ ಘಾಟಿಗೆ ಮೂಗು ಉರಿಯುತ್ತಿತ್ತು. ಅವನು ನಡೆದದ್ದನ್ನು ಕೇಳಿ, ಕಾಗದ ನೋಡಿ ನಕ್ಕ.

"ಇದಕ್ಕೆ ಇಷ್ಟು ಯೋಚನೆ ಯಾಕೆ? ನಿಮ್ಮ ಹೆಸರು ತೆಗೆದು ಅವಳದು ಹಾಕ್ತೆ. ಹಾರವಾಡದವರು ಬಂದು ನೋಡ್ತಾರಾ?"

"ನೋಡುವುದಿಲ್ಲ."

"ಮತ್ತೆಂತ?"

"ಅವರು ಕೊಟ್ಟ ಹೆಸರುಗಳ ನಡುವೆ ಅವರು ಬೇಡವೆಂದ ಹೆಸರನ್ನು ಕದ್ದು ಸೇರಿಸಿದರೆ ಅದು ಅವಳಿಗೆ ಗೌರವವಲ್ಲ. ಅವರು ಹೇಳಿದ ಹಾಗೆಯೇ ಕಳಿಸು."

"ದೇವರನ್ನೂ?"

"ದೇವರನ್ನೂ."

ಅವನು ಇಂಗ್ಲಿಷಿಗೆ ತಿರುಗಿಸಿ ಹಾಗೆಯೇ ಕಳಿಸಿದ. ಅವನಿಗೆ ಸಮಾಧಾನವಿರಲಿಲ್ಲ. ನನಗೆ ಇತ್ತೇ ಎಂದರೆ, ನನಗೂ ಇರಲಿಲ್ಲ.

ಉತ್ತರ ಬೇಗ ಬಂತು. ರಾಜೀವ ಅದನ್ನು ಛಾಪಿಸಿಕೊಂಡು ಅಂಕೋಲೆಗೇ ಬಂದು ಓದಿ ಹೇಳಿದ. ಆ ಗೃಹಸ್ಥ ಎಲ್ಲರಿಗೂ ವಂದನೆ ತಿಳಿಸಿ ಎರಡು ವಿಷಯ ಕೇಳಿದ್ದ. ಮೊದಲ ಹೆಸರಿನ ಶ್ರೀ ಬೊಮ್ಮಯ್ಯ ದೇವರು ಈ ಕೆಲಸಕ್ಕೆ ಏನು ಕೊಟ್ಟರು? ಪ್ರತಿ ಹೆಸರಿನ ಮುಂದೆ ಅವರು ಕೊಟ್ಟದ್ದನ್ನು ಒಂದು ಮಾತಿನಲ್ಲಿ ಬರೆಯುವುದು ತನ್ನ ರೂಢಿ ಎಂದಿದ್ದ. ಎರಡನೆಯದು, ತನಗೆ ಮೊದಲು ಪತ್ರ ಬರೆದವಳು ಮಾನಸಾ; ಅವಳ ಹೆಸರೇ ಇಲ್ಲ. ಬೇಡವೆಂದು ಅವಳೇ ಹೇಳಿದ್ದಳೆ? ಹಾಗಿದ್ದರೆ ತಾನು ಒಪ್ಪುತ್ತೇನೆ, ಇಲ್ಲವಾದರೆ ದಯವಿಟ್ಟು ತಿಳಿಸಿ.

ನಾನು ರಾಜೀವನಿಂದ ಅದನ್ನು ಇನ್ನೊಮ್ಮೆ ಓದಿಸಿದೆ. ಏನು ಕೊಟ್ಟರು ಎಂದು ಕೇಳಿದ್ದಾನೆ. ಏನು ಸಿಗಬೇಕು ಎಂದು ಎಲ್ಲಿಯೂ ಕೇಳಿಲ್ಲ. ನಾವು ಹಾರವಾಡದ ಚಪ್ಪರದ ಕೆಳಗೆ ಕೂತು ಬರೆದದ್ದು ಪಡೆಯುವವರ ಹೆಸರು. ಅವನಿಗೆ ಬೇಕಾದದ್ದು ಕೊಟ್ಟವರದು. ನಾನು ಅಂಗಿ ಹಾಕಿಕೊಂಡು ಹೊರಟೆ.

ಅದೇ ಚಪ್ಪರ, ಅದೇ ಜನ. ಮಾದೇವಿ ಪೇಟೆಯಿಂದ ಆಗಷ್ಟೇ ಬಂದು ಬುಟ್ಟಿ ಬೋರಲು ಹಾಕುತ್ತಿದ್ದಳು. ಪತ್ರದ ವಿಷಯ ಹೇಳಿ, "ಇದು ಪಾಲಿನ ಮಾತಲ್ಲ ಮಾದೇವಿ. ಆ ಪ್ರೋಗ್ರಾಮಿಗೆ ಬೆಲೆಯಿಲ್ಲ. ಅದರಿಂದ ಯಾರಿಗೂ ಏನೂ ಬರುವುದಿಲ್ಲ. ಯಾರು ಏನು ಕೊಟ್ಟರು ಎಂದಷ್ಟೇ ಅವನು ಬರೆದಿಡುತ್ತಾನೆ" ಎಂದೆ.

"ಎಂತದೂ ಬರೂದಿಲ್ವಾ?" ಎಂದಳು ಹೀರಾ.

"ನಾ ಆವತ್ತೇ ಅಂದಿದ್ದೆ" ಎಂದ ಬೊಮ್ಮು.

"ನೀ ಯಾವಾಗ್ ಅಂದಿದ್ದೆ? ಪಾಲು ಬಂದ್ರೆ ಹೊಸ ಬಲೆ ತಕಂತೆ ಅಂತ ಊರೆಲ್ಲಾ ಹೇಳ್ಕಂಡು ತಿರಗ್ತಿದ್ದೆ" ಎಂದ ಕಾಶಿ.

ನಾನು ಗುಡಿಯ ಕಡೆ ಕೈ ತೋರಿಸಿದೆ. ಬೊಮ್ಮಯ್ಯ ದೇವರ ಗುಡಿಗೆ ಮೆಟ್ಟಿಲು ಕಟ್ಟಿಸಿದಾಗ ವಂತಿಗೆ ಕೊಟ್ಟವರ ಹೆಸರನ್ನು ಒಂದು ಕಲ್ಲಿನಲ್ಲಿ ಕೆತ್ತಿ ಗೋಡೆಗೆ ಕೂರಿಸಿದ್ದಾರೆ. ಹೋಗುವಾಗ ಬರುವಾಗ ಎಲ್ಲರೂ ಅದಕ್ಕೂ ಕೈ ಮುಗಿಯುತ್ತಾರೆ.

"ಆ ಕಲ್ಲಿನ ಮೇಲೆ ಇರುವವರಲ್ಲಿ ಈಗ ಬದುಕಿರುವವರು ಯಾರು ಯಾರು?"

ಕಾಶಿ ಯೋಚಿಸಿದ. "ದತ್ತಾನ ಅಪ್ಪ ಇನ್ನೂ ಇದ್ದ. ಮತ್ತೆ... ಮತ್ತೆ ಯಾರೂ ಇಲ್ಲ."

"ಉಳಿದವರೆಲ್ಲ ಮೆಟ್ಟಿಲ ಮೇಲೆ ಕಾಯುತ್ತ ಕೂತಿದ್ದಾರೆಯೆ?"

ವಾದ ಗೆಲ್ಲಬೇಕೆಂದು ನಾನು ಕೇಳಿರಲಿಲ್ಲ. ಮಾದೇವಿ ಬೇಡ ಎಂದರೆ ಪತ್ರಕ್ಕೂ ಬೇಡ ಎಂದೇ ಬರೆಸಬೇಕು, ಆ ಹೆಸರು ಅಲ್ಲಿಗೆ ಮುಗಿಯಿತು ಎಂದು ನಿಶ್ಚಯಿಸಿಕೊಂಡೇ ಬಂದಿದ್ದೆ. ಮಾದೇವಿ ಗುಡಿಯನ್ನು ನೋಡಿದಳು, ಕಂಬವನ್ನು ನೋಡಿದಳು. ನೀರು ಇಳಿದು ಕೆಳಗಿನ ಹಸಿರು ಪಟ್ಟೆ ಕಾಣುತ್ತಿತ್ತು.

"ಕೊಟ್ಟವ್ರು ಯಂತಕ್ಕೆ ಕಾಯ್ತರೆ?" ಎಂದಳು ಕಡೆಗೆ. "ಕಾಯೂದು ತಕಂಬವ್ರು. ಕೊಟ್ಟವ್ರು ಕೊಟ್ಟು ಹೋಗ್ತರೆ." ಬುಟ್ಟಿಯನ್ನು ಬದಿಗೆ ಸರಿಸಿ, "ಟೀಚರ ಹೆಸ್ರು ಬರೀರಿ. ಮೇಲೇ ಬರೀರಿ. ದೇವ್ರ ಕೆಳಗೆ" ಎಂದಳು.

ನಾನು ಬರೆದೆ. ಮಾನಸಾ ರಾಮನಾಥ ನಾಯಕ.

ಆಮೇಲೆ ಉಳಿದವರದನ್ನು ಮೊದಲಿನಿಂದ ನೋಡಬೇಕಾಯಿತು. ದೇವರು ಏನು ಕೊಟ್ಟ ಎಂದಾಗ ದತ್ತಾ, "ಜಾಗ ಅವಂದು" ಎಂದ. ಅದರಲ್ಲಿ ತಕರಾರಿರಲಿಲ್ಲ. ಕಾಶಿಯದು ಗಡಿಯಾರ ಮತ್ತು ಹಲಗೆ. ಹೀರಾಳದು ಪಟ್ಟೆ ನೋಡಿ ಕೂಗಿ ಹೇಳಿದ ಕಣ್ಣು. ದತ್ತಾನದು ಕಂಬ ಹುಗಿದ ಕೆಲಸ. ಬೊಮ್ಮುವಿನ ಸರದಿ ಬಂದಾಗ ಕಾಶಿ, "ಇವಂದು ತೆಗೀರಿ. ತಬ್ಬಿದ್ದು ಕೊಟ್ಟ ಲೆಕ್ಕಕ್ಕೆ ಬರೂದಿಲ್ಲ" ಎಂದ.

"ಪಟ್ಟೆ ಬಳ್ದದ್ದು ಯಾರ ಬಣ್ಣ?" ಎಂದ ಬೊಮ್ಮು. "ನನ್ನ ದೋಣಿಗೆ ತಂದ ಡಬ್ಬಿ. ಟೀಚರು ಕೇಳಿದ್ರು, ಕೊಟ್ಟೆ. ನನ್ನ ದೋಣಿ ಇನ್ನೂ ಬಣ್ಣಿಲ್ದೆ ಅಲ್ಲಿ ಬಿದ್ಕಂಡದೆ. ನೋಡ್ಕಣಿ ಬೇಕಾರೆ."

ಎಲ್ಲರೂ ತಿರುಗಿ ನೋಡಿದರು. ದೋಣಿ ಹಾಗೆಯೇ ಇತ್ತು. ಬಣ್ಣ ಎಂದು ಬರೆದುಕೊಂಡೆ.

"ಮಾದೇವಿ, ನಿನ್ನದು ಮರ" ಎಂದೆ.

"ಮರ ಕೊಟ್ಟದ್ದು ನಾನು" ಎಂದಳು. ಮತ್ತೆ ಬುಟ್ಟಿಯ ಅಂಚಿನಿಂದ ಒಂದು ಮೀನಿನ ಪೊರೆಯನ್ನು ಉಗುರಿನಿಂದ ಎಬ್ಬಿಸುತ್ತ, "ಕಾಡಿಗೆ ಹೋಗಿ ಕಡ್ಕಂಡು ಬಂದವ್ರು ಅವ್ರು" ಎಂದಳು.

ಕಾಶಿ ನನ್ನ ಮುಖ ನೋಡಿದ. "ತುಳಸಿದಾಸ ಅಂತ ಬರೀರಿ ಮಾಸ್ತರೆ."

ಮಾದೇವಿ ಬೇಡ ಎನ್ನಲಿಲ್ಲ. ನಾನು ಇಬ್ಬರ ಹೆಸರನ್ನೂ ಒಂದೇ ಸಾಲಿನಲ್ಲಿ ಬರೆದು, ಮುಂದೆ ಮರ ಎಂದು ಹಾಕಿದೆ. ಬರೆದದ್ದನ್ನು ಓದಿ ಹೇಳುವಾಗ ಅವಳು ಆ ಸಾಲನ್ನು ಎರಡು ಸಲ ಓದಿಸಿದಳು.

"ನೀವ್ ಎಂತ ಕೊಟ್ರಿ?" ಎಂದು ಬೊಮ್ಮು ನನ್ನನ್ನು ಕೇಳಿದ.

"ನಾನು ಏನೂ ಕೊಟ್ಟಿಲ್ಲ" ಎಂದು ನನ್ನ ಹೆಸರನ್ನು ಹೊಡೆದುಹಾಕಿದೆ.

"ಶಾಯಿ ಕೊಟ್ರು ಅಂತ ಬರೀರಿ" ಎಂದಳು ಹೀರಾ. ಎಲ್ಲರೂ ನಕ್ಕರು. ನಾನೂ ನಕ್ಕೆ. ಮಳೆಗಾಲದ ನಂತರ ನಾನು ನಕ್ಕದ್ದು ಅದೇ ಮೊದಲಿರಬೇಕು.

ಯುಗಾದಿಯ ಹೊತ್ತಿಗೆ ಪ್ರೋಗ್ರಾಂ ಹೊಸದಾಗಿ ಬಂತು. ರಾಜೀವ ನನ್ನನ್ನೂ ನನ್ನ ಹೆಂಡತಿಯನ್ನೂ ಕರೆಸಿ ತೋರಿಸಿದ. ಎಷ್ಟೋ ದೇಶಗಳ ಎಷ್ಟೋ ಹೆಸರುಗಳನ್ನು ಮೇಲೆ ಸರಿಸುತ್ತ ಹೋಗಿ ಹಾರವಾಡದಲ್ಲಿ ನಿಲ್ಲಿಸಿದ. ಆ ಗೃಹಸ್ಥ ಒಂದನ್ನೂ ಬಿಟ್ಟಿರಲಿಲ್ಲ. ಬೊಮ್ಮಯ್ಯ ದೇವರು, ಜಾಗ. ಮಾನಸಾ ರಾಮನಾಥ ನಾಯಕ, ಅಳತೆ ಮತ್ತು ಲೆಕ್ಕ. ಮಾದೇವಿ ಮತ್ತು ತುಳಸಿದಾಸ, ಮರ. ನನ್ನ ಹೆಂಡತಿಗೆ ಇಂಗ್ಲಿಷ್ ಬಾರದು. "ಯಾವ್ದು?" ಎಂದು ಕೇಳಿದಳು. ರಾಜೀವ ತೋರಿಸಿದ. ಆ ಸಾಲನ್ನು ಸ್ವಲ್ಪ ಹೊತ್ತು ನೋಡಿ, "ಸಣ್ಣ ಅಕ್ಷರ" ಎಂದಳು. ಅವನು ದೊಡ್ಡದು ಮಾಡಿ ತೋರಿಸಿದ.

ಆಷಾಢದಲ್ಲಿ ಅವಳ ವರ್ಷದ ತಿಥಿ ಬಂತು. ಕಿರಿಯರಿಗೆ ಹಿರಿಯರು ಎಳ್ಳುನೀರು ಬಿಡುವುದು ಯಾರಿಗೂ ಬೇಡದ ಕೆಲಸ. ಆದರೂ ಬಿಡಬೇಕು. ಭರತಿ ತುಂಬಿದ ಹೊತ್ತಿಗೆ ಅಳಿವೆಯಲ್ಲಿ ಬಿಡೋಣ ಎಂದು ಭಟ್ಟರು ಹೇಳಿದ್ದರು. ರಾಜೀವ ಪ್ರೋಗ್ರಾಮಿನಲ್ಲಿ ಹಾರವಾಡದ ಹೊತ್ತು ತೆಗೆದು ಒಂದು ಚೀಟಿಯಲ್ಲಿ ಬರೆದುಕೊಟ್ಟ. ನಾನು, ನನ್ನ ಹೆಂಡತಿ, ಭಟ್ಟರು ಆ ಹೊತ್ತಿಗಿಂತ ಮೊದಲೇ ಹೋಗಿ ಬಂಡೆಯ ಬಳಿ ನಿಂತೆವು. ಮಳೆ ಹನಿಯುತ್ತಿತ್ತು. ಮಾದೇವಿ ತಲೆಗೆ ಪ್ಲಾಸ್ಟಿಕ್ ಹೊದ್ದು ಬಂದಳು.

ಹೊತ್ತು ಹತ್ತಿರವಾದಾಗ ಗೋತ್ರ ಹೇಳಿ, ಹೆಸರು ಹೇಳಿ ನೀರು ಬಿಡತೊಡಗಿದೆ. ಭಟ್ಟರು ಸಾಕು ಎನ್ನುವಷ್ಟರಲ್ಲಿ ಮಾದೇವಿ ಕಂಬದ ಕಡೆ ನೋಡಿ, "ಬಿಳಿ ಪಟ್ಟೆ ಮುಳಗ್ತು. ತುಂಬ್ತು" ಎಂದಳು. ಚೀಟಿಯ ಹೊತ್ತಿಗೆ ಇನ್ನೂ ಸ್ವಲ್ಪ ಉಳಿದಿತ್ತು.

"ಮೊದಲೇ ಬಂತಲ್ಲ" ಎಂದೆ.

"ಮೇಲಿಂದ ಹೊಳೆ ನೀರೂ ಸೇರ್ಕಂಡದೆ. ಮಳೆಗಾಲದಾಗೆ ಹಂಗೇಯ." ಅವಳು ಐಸಿನ ಅಂಗಡಿಯ ಕಡೆ ತಿರುಗಿದಳು. ಬಾಗಿಲು ಹಾಕಿತ್ತು. ದೋಣಿ ಕಡಲಿಗಿಳಿಯದ ಕಾಲದಲ್ಲಿ ಐಸು ಯಾರಿಗೂ ಬೇಡ. "ಕಾಶಿ ಇಲ್ಲ. ನಿಮ್ಮ ಗಡಿಯಾರದಾಗೆ ಎಷ್ಟಾತು ಮಾಸ್ತರೆ?"

ನಾನು ನೋಡಿ ಹೇಳಿದೆ.

"ಬರ್ಕಣಿ ಹಂಗಾರೆ. ಬಿಳಿ ಪಟ್ಟೆ. ರಾಜೀವಂಗೆ ಕೊಡಿ. ನಿಮ್ದೂ ಒಂದ್ ಕೊಟ್ಹಂಗಾತು."

ಕೈಗೆ ಎಳ್ಳು ಅಂಟಿತ್ತು. ಪಂಚೆಗೆ ಒರೆಸಿಕೊಂಡು, ಚೀಟಿಯ ಹಿಂಬದಿಯಲ್ಲಿ ಹೊತ್ತನ್ನೂ ಬಣ್ಣವನ್ನೂ ಬರೆದುಕೊಂಡೆ.